ಬದಲಿ ಗಂಡ

ನಾನು ಬರೆಯುತ್ತಿದ್ದದ್ದು ದೆವ್ವದ ಕಥೆಗಳಲ್ಲ. ಇದನ್ನು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಕೊನೆಗೆ ಬೇಸತ್ತು ಹೇಳುವುದನ್ನೇ ಬಿಟ್ಟೆ. ಮನುಷ್ಯನ ತಲೆಯೊಳಗೆ ಹುಟ್ಟಿ ಅಲ್ಲೇ ಬೆಳೆಯುವ ಭಯದ ಬಗ್ಗೆ ಬರೆಯುತ್ತೇನೆ, ಹೀಗಾದರೆ ಏನಾದೀತು ಎಂದು ಊಹಿಸಿ ಬರೆಯುತ್ತೇನೆ, ನನ್ನ ಕಥೆಗಳಲ್ಲಿ ಬಿಳಿ ಸೀರೆಯಾಗಲಿ ಹಿಂದುಮುಂದಾದ ಪಾದಗಳಾಗಲಿ ಇಲ್ಲ ಎಂದು ವಿವರಿಸಿದರೆ, ಕೇಳಿದವರು ಗಂಭೀರವಾಗಿ ತಲೆಯಾಡಿಸಿ, "ಹೌದ್ರಿ, ಖರೇ ಐತಿ. ಮತ್ತ ನೀವು ದೆವ್ವಾ ಎಲ್ಲಿ ನೋಡಿದ್ರಿ?" ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ನಾನು ದೆವ್ವದ ಬಾಯಾರು. ಹುಡುಗಿಯರಿಗೆ ವಿಜ್ಞಾನ ಕಲಿಸುವವಳಿಗೆ ಇದಕ್ಕಿಂತ ಒಳ್ಳೆಯ ಬಿರುದು ಸಿಗುವುದು ಕಷ್ಟ.

ಹೆದರುವ ವಿದ್ಯೆಯನ್ನು ನಾನು ಕಲಿತದ್ದು ಅಥಣಿಯಲ್ಲಿ. ಅಪ್ಪ ಅಲ್ಲಿ ನೌಕರಿಯಲ್ಲಿದ್ದರು. ಮನೆಯ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ಅದರಲ್ಲಿ ಮುಕ್ಕಾಲು ಪಾಲು ಮರಾಠಿ, ಉಳಿದದ್ದು ಕನ್ನಡ. ದೀಪಾವಳಿಗೆ ಬರುವ ಮರಾಠಿ ವಿಶೇಷಾಂಕಗಳಲ್ಲಿ ಭಯದ ಕಥೆಗಳಿಗೇ ಮೀಸಲಾದವೂ ಇರುತ್ತಿದ್ದವು. ಊರೆಲ್ಲ ದೀಪ ಹಚ್ಚಿ ಬೆಳಕಿನ ಹಬ್ಬ ಮಾಡುವಾಗ ನಾನು ಮೂಲೆಯಲ್ಲಿ ಕುಳಿತು, ಕರಂಜಿ ತಿನ್ನುತ್ತ, ಯಾರೋ ಒಬ್ಬಳಿಗೆ ಗೋಡೆಯೊಳಗಿಂದ ಉಸಿರಾಟ ಕೇಳಿಸಿದ್ದನ್ನು ಓದುತ್ತಿದ್ದೆ. ಗಡಿಯ ಮೇಲೆ ಹುಟ್ಟಿದವರಿಗೆ ಎರಡು ರಾಜ್ಯಗಳೂ ಬೇರೇನನ್ನು ಕೊಟ್ಟವೋ ಗೊತ್ತಿಲ್ಲ. ಎರಡು ಭಾಷೆಗಳಲ್ಲಿ ಹೆದರುವ ಸೌಲಭ್ಯವನ್ನಂತೂ ಪುಕ್ಕಟೆಯಾಗಿ ಕೊಟ್ಟಿದ್ದವು. ನಾನು ಬೆಚ್ಚಿ ಎದ್ದು ಕುಳಿತರೆ ಅವ್ವ ಮಗ್ಗುಲು ಬದಲಿಸಿ, "ಅದು ಮರಾಠಿ ದೆವ್ವಾ ಐತಿ, ಅದಕ್ಕ ಕನ್ನಡ ತಿಳಿಯಂಗಿಲ್ಲ. ಸುಮ್ಮ ಮಕ್ಕೋ" ಎನ್ನುತ್ತಿದ್ದಳು. ನಾನು ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಭಾಷಾ ವಿವಾದದಿಂದ ಉಪಕಾರವಾದದ್ದು ಬಹುಶಃ ನನಗೊಬ್ಬಳಿಗೇ.

ಅಪ್ಪ ತೀರಿಕೊಂಡ ಮೇಲೆ ನನಗೆ ಚಿಕ್ಕೋಡಿಯಲ್ಲಿ ಕೆಲಸ ಸಿಕ್ಕಿತು. ಅವ್ವ, ನಾನು ಒಂದು ಬಾಡಿಗೆ ಮನೆ ಹಿಡಿದೆವು. ಎಂಬತ್ತರ ದಶಕದ ನಡುವಿನಲ್ಲಿ ಬರೆಯಲು ಶುರುಮಾಡಿದೆ. ಕೃಷ್ಣಾ ನದಿ ಒಂದು ದಿನ ತಿರುಗಿ ಪಶ್ಚಿಮಕ್ಕೆ ಹರಿಯತೊಡಗುವ ಕಥೆ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ಯಡೂರು ಕಡೆಯ ರೈತರೊಬ್ಬರು ಶಾಲೆಗೇ ಬಂದು, "ಹೊಳಿ ತಿರಗತೈತಿ ಅಂತ ನಿಮಗ ಯಾವ ಆಫೀಸಿನ್ಯಾಗ ಹೇಳಿದ್ರು? ನಮ್ಮ ಪಂಪಸೆಟ್ಟ ಈಗ ಎಲ್ಲಿ ಕೂಡ್ರಸೋಣು?" ಎಂದು ಕೇಳಿದರು. ಅದು ಕಲ್ಪನೆ ಎಂದೆ. "ಹಂಗಾರ ಪೇಪರಿನ್ಯಾಗ ಯಾಕ ಹಾಕಿದ್ರಿ?" ಎಂದರು.

ಸಾಹಿತ್ಯದವರು ಇನ್ನೂ ದಯಾಳುಗಳು. ನಿಪ್ಪಾಣಿಯಲ್ಲಿ ನಡೆದ ಒಂದು ಗೋಷ್ಠಿಗೆ ನನ್ನನ್ನು ಕರೆದಿದ್ದರು. ಹತ್ತಿರದಲ್ಲೇ ತಂಬಾಕು ಕೂಡಿಡುವ ವಖಾರಿಯಿತ್ತು, ಅದರ ಘಾಟು ಒಳಗೆ ಬಂದು ಸಭಿಕರೆಲ್ಲ ಸೀನುತ್ತಿದ್ದರು. ಕಣ್ಣೊರೆಸಿಕೊಳ್ಳುತ್ತಿದ್ದವರನ್ನು ನೋಡಿ, ನನ್ನ ಕಥೆ ಮನಸ್ಸಿಗೆ ತಟ್ಟಿದೆ ಎಂದು ಸ್ವಲ್ಪ ಹೊತ್ತು ಸಂತೋಷಪಟ್ಟೆ. ಓದು ಮುಗಿದ ಮೇಲೆ ಅಧ್ಯಕ್ಷರು ಎದ್ದು, ಇಂಥ ಬರವಣಿಗೆಯಲ್ಲಿ ಸಮಾಜವಿಲ್ಲ, ಜೀವನವಿಲ್ಲ, ಹೆದರಿಕೆ ಮಾತ್ರ ಇದೆ ಎಂದರು. ಸಮಾಜ ಮತ್ತು ಜೀವನ ಇದ್ದ ಕಡೆ ಹೆದರಿಕೆ ಇರುವುದಿಲ್ಲ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಕೌಟುಂಬಿಕ ವಿಷಯ ತೆಗೆದುಕೊಂಡು ಬರೆಯಿರಿ ಎಂದು ಹಿರಿಯರ ಧಾಟಿಯಲ್ಲಿ ಸಲಹೆಯನ್ನೂ ಕೊಟ್ಟರು.

ನಾನು ವಿಧೇಯಳಾಗಿ ಕೌಟುಂಬಿಕ ವಿಷಯವನ್ನೇ ತೆಗೆದುಕೊಂಡೆ.

ಆ ಕಥೆಯಲ್ಲಿ ಒಬ್ಬಳ ಗಂಡ ಬೆಳಿಗ್ಗೆ ಸಂತೆಗೆ ಹೋಗಿ ಸಂಜೆ ಮರಳುತ್ತಾನೆ. ಅದೇ ಮುಖ, ಅದೇ ದನಿ, ಕಿವಿಯ ಹಿಂದೆ ಅದೇ ಮಚ್ಚೆ. ಆದರೆ ಚಪ್ಪಲಿ ಬಿಡುವಾಗ ಎರಡನ್ನೂ ಜೋಡಿಸಿ ಇಡುತ್ತಾನೆ. ಎಂದೂ ಹಾಗೆ ಇಟ್ಟವನಲ್ಲ. ಅಷ್ಟೇ. ಅಲ್ಲಿಂದ ಅವಳಿಗೆ ಇವನು ಅವನಲ್ಲ ಎನಿಸತೊಡಗುತ್ತದೆ. ಅವನನ್ನು ಪರೀಕ್ಷಿಸಲು ಗಂಡನಿಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು ಕೇಳುತ್ತಾಳೆ. ಅವನು ಎಲ್ಲದಕ್ಕೂ ಸರಿಯಾಗಿ ಉತ್ತರಿಸುತ್ತಾನೆ, ಅವಳೇ ಮರೆತದ್ದನ್ನೂ ನೆನಪಿಸುತ್ತಾನೆ. ಅವಳ ಭಯ ಹೆಚ್ಚುವುದು ಅಲ್ಲಿಯೇ. ಕಥೆ ಮುಗಿದರೂ ಅವನು ಯಾರೆಂದು ನಾನು ಹೇಳಲಿಲ್ಲ. ಹೇಳದಿರುವುದೇ ಕಲೆ ಎಂದು ಆಗ ನಂಬಿದ್ದೆ. ಹುಬ್ಬಳ್ಳಿಯ ಅದೇ ವಾರಪತ್ರಿಕೆ ಅದನ್ನು ಛಾಪಿಸಿತು. ಜೊತೆಗೆ ಒಂದು ಚಿತ್ರ: ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ. ಚಿತ್ರಕಾರರು ಕಥೆ ಓದುವ ಚಟ ಇಟ್ಟುಕೊಂಡಿರಲಿಲ್ಲ.

ಕೆಲವು ವಾರಗಳ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಅಂಗಳಕ್ಕೆ ಬುಲೆಟ್ ಗಾಡಿಯ ಮೇಲೆ ಒಬ್ಬ ಮನುಷ್ಯ ಬಂದಿಳಿದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಬೆರಳಲ್ಲಿ ಉಂಗುರ, ಮುಖದ ಮೇಲೆ ಕಬ್ಬು ಕಳಿಸಿ ತೂಕದಲ್ಲಿ ಮೋಸಹೋದವನ ಸಿಟ್ಟು. ನೇರವಾಗಿ ಶಿಕ್ಷಕರ ಕೋಣೆಯ ಬಾಗಿಲಿಗೆ ಬಂದು ಕೇಳಿದ.

"ಗಂಡನ ಕಥಿ ಬರದ ಬಾಯಾರು ಯಾರ್ರಿ?"

ಮದುವೆಯಾಗದ ನನ್ನ ಕಡೆ ಎಲ್ಲರೂ ಕೈ ತೋರಿಸಿದರು. ನಮ್ಮ ಮುಖ್ಯೋಪಾಧ್ಯಾಯಿನಿ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಅದರ ಮುಂದಿನ ಭಾಗ ಬರೀರಿ," ಎಂದ ಅವನು.

"ಮುಂದಿನ ಭಾಗ ಇಲ್ರಿ. ಕಥಿ ಮುಗಿದೈತಿ."

"ಎಲ್ಲಿ ಮುಗಿದೈತ್ರಿ? ಆ ಮನಷ್ಯಾ ಅಕಿ ಖರೇ ಗಂಡ ಹೌದೋ ಅಲ್ಲೋ ಅಂತ ನೀವು ಹೇಳೇ ಇಲ್ಲ. ಹೌದು ಅಂತ ಒಂದ ಮಾತು ಬರದ ಬಿಡ್ರಿ. ನಮ್ಮ ಮನ್ಯಾಗ ದೊಡ್ಡ ತ್ರಾಸ ಆಗೇತಿ."

ಅವನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿಯವರೂ ಗಿಡಕ್ಕೆ ನೀರು ಹಾಕಬೇಕೆಂದು ಆ ಕ್ಷಣದಲ್ಲಿ ನೆನಪಾಗಿ ಹಿಂದೆಯೇ ಬಂದರು. ಅವನ ಹೊಲಮನೆ ರಾಯಬಾಗ ತಾಲೂಕಿನಲ್ಲಿ, ಪಾಲಬಾವಿಯ ಹತ್ತಿರ. ಕಬ್ಬಿನ ಜಮೀನು, ಮನೆಯಲ್ಲಿ ತಾಯಿ, ಹೆಂಡತಿ, ಅವನು. ಮದುವೆಯಾಗಿ ನಾಲ್ಕೈದು ವರ್ಷ. ಹೆಂಡತಿ ಮಂಗಸೂಳಿ ಕಡೆಯವಳು, ಓದುವ ಹುಚ್ಚು. ನನ್ನ ಕಥೆ ಓದಿದ ಮರುದಿನದಿಂದ ಅವಳು ಅವನನ್ನು ಗಂಡನೆಂದು ಒಪ್ಪುತ್ತಿಲ್ಲ.

"ಬಡೀತಾಳೇನು? ಒದರತಾಳೇನು?" ಮುಖ್ಯೋಪಾಧ್ಯಾಯಿನಿ ಆಸೆಯಿಂದ ಕೇಳಿದರು.

"ಇಲ್ರಿ, ಹಂಗ ಮಾಡಿದ್ರ ಛಲೋ ಇತ್ತು," ಎಂದ. "ಭಾಳ ಮರ್ಯಾದಿಲೆ ನಡಸ್ಕೋತಾಳ್ರಿ. ನನಗ ಪಾವಣ್ಯಾರು ಅಂತಾಳ."

ಪಾವಣ್ಯಾರು ಎಂದರೆ ಮನೆಗೆ ಬಂದ ಅತಿಥಿ. ಆಮೇಲೆ ಅವನು ಹೇಳಿದ್ದನ್ನು ನಗದೆ ಕೇಳಲು ನಾನು ಪಟ್ಟ ಕಷ್ಟ ಸಾಮಾನ್ಯವಾದದ್ದಲ್ಲ. ಅವನು ಮನೆಗೆ ಬಂದರೆ ಕೈಕಾಲಿಗೆ ನೀರು, ಮಂಚದ ಮೇಲೆ ಮಡಿ ಹಾಸು, ಬೀಗರಿಗೆಂದು ಎತ್ತಿಟ್ಟ ಪಿಂಗಾಣಿ ಕಪ್ಪು-ಬಸಿಯಲ್ಲಿ ಚಹ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದ, "ಊಟಾ ಮಾಡ್ತೀರೇನ್ರಿ?" ಎನ್ನುತ್ತಾಳೆ. ಮಲಗುವುದು ಅತ್ತೆಯ ಹತ್ತಿರ. ಪರ ಗಂಡಸು ಮನೆಯಲ್ಲಿರುವಾಗ ಒಬ್ಬಳೇ ಮಲಗುವುದು ಹೇಗೆ? ಅವನು ಒಮ್ಮೆ ದನಿ ಏರಿಸಿ ಬೈದನಂತೆ. ಅವಳು ತಲೆ ತಗ್ಗಿಸಿ, "ಪಾವಣ್ಯಾರು ಹಿಂಗ ಮಾತಾಡಬಾರದ್ರಿ, ನಮ್ಮ ಮನ್ಯಾವ್ರು ಬಂದ್ರ ಸಿಟ್ಟಿಗೇಳ್ತಾರ," ಎಂದಳು. ತನ್ನದೇ ಹೆಸರಿನಲ್ಲಿ ತನಗೇ ಬೆದರಿಕೆ ಬಂದರೆ ಮನುಷ್ಯ ಯಾರ ಹತ್ತಿರ ದೂರು ಕೊಡಬೇಕು?

"ಪರೀಕ್ಷಾನೂ ಮಾಡಿದ್ಳ್ರಿ, ನಿಮ್ಮ ಕಥ್ಯಾನಂಗ," ಎಂದ ಅವನು ದನಿ ತಗ್ಗಿಸಿ. "ನಿಮ್ಮ ಕಥ್ಯಾನಾಂವ ಎಲ್ಲಾ ಬರೋಬ್ಬರಿ ಹೇಳ್ತಾನ. ನನಗ ಒಂದೂ ಬರಲಿಲ್ರಿ. ಅಕಿಗೆ ಯಾವ ಪಲ್ಲೆ ಸೇರತೈತಿ ಅಂದ್ಳು. ಬದನಿಕಾಯಿ ಅಂದೆ. ಬದನಿಕಾಯಿ ತಿಂದ್ರ ಅಕಿಗೆ ಮೈತುಂಬ ಗಾದರಿ ಏಳ್ತಾವಂತ. ಅದು ಸೇರೂದು ನನಗ್ರಿ."

ಆ ಪರೀಕ್ಷೆಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ತಾಲೂಕುಗಳಲ್ಲಿ ಎಷ್ಟು ಗಂಡಸರು ಪಾಸಾದಾರು ಎಂದು ಯೋಚಿಸುತ್ತ ನಿಂತೆ. ಮುಖ್ಯೋಪಾಧ್ಯಾಯಿನಿಯವರು ಯಾವುದೋ ಹಳೆಯ ಲೆಕ್ಕ ನೆನಪಾದವರಂತೆ ಮುಖ ಬಿಗಿದು ಒಳಗೆ ಹೋದರು.

ಮುಂದಿನ ಭಾಗ ಬರೆಯಲು ನಾನು ಒಪ್ಪಲಿಲ್ಲ. ಮನೆಗೆ ಬಂದು ಅವಳನ್ನು ನೋಡುತ್ತೇನೆ ಎಂದು ಮಾತ್ರ ಹೇಳಿ ಕಳಿಸಿದೆ. ನಿಜ ಹೇಳಬೇಕೆಂದರೆ ನನಗೆ ಕುತೂಹಲವಿತ್ತು, ಅದರ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು. ಅಧ್ಯಕ್ಷರು ಹೇಳಿದ ಆ ಸಮಾಜವೂ ಜೀವನವೂ ಬುಲೆಟ್ ಹತ್ತಿ ನನ್ನನ್ನೇ ಹುಡುಕಿಕೊಂಡು ಬಂದಿದ್ದವು.

ರವಿವಾರ ಅವ್ವನನ್ನು ಜೊತೆಗೆ ಕರೆದುಕೊಂಡು ರಾಯಬಾಗದ ಬಸ್ಸು ಹಿಡಿದೆ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ನಮ್ಮ ಬಸ್ಸು ಅವುಗಳ ಹಿಂದೆ ಬೀಗರ ಮನೆಗೆ ಹೊರಟ ಮುದುಕಿಯಂತೆ ಸಾಗಿತು. ಅವ್ವ ಕಿಟಕಿಯ ಪಕ್ಕ ಕುಳಿತು, "ನೀ ಅಡಗಿ ಮಾಡೂದು ಕಲಿ ಅಂದ್ರ ಕಥಿ ಬರಿಯಾಕ ಕಲತಿ. ನೋಡೀಗ, ಮಂದಿ ಮನಿ ಅಡಗಿ ಕೆಡಿಸಿ ಕೂತಿ," ಎಂದು ರಾಯಬಾಗ ಬರುವವರೆಗೂ ನನ್ನ ಸಾಹಿತ್ಯವನ್ನು ವಿಮರ್ಶಿಸಿದಳು. ನಿಪ್ಪಾಣಿಯವರಿಗಿಂತ ಅವಳದ್ದೇ ಹೆಚ್ಚು ನಿಖರವಾಗಿತ್ತು.

ಅವನು ಬಸ್ಸಿನ ಹತ್ತಿರವೇ ಕಾಯುತ್ತಿದ್ದ. ಹೊಲದ ನಡುವೆ ಕಲ್ಲಿನ ಮನೆ, ಮುಂದೆ ಅಂಗಳ, ಪಕ್ಕದಲ್ಲಿ ದನದ ಕೊಟ್ಟಿಗೆ. ಕಟ್ಟೆಯ ಮೇಲೆ ಕುಳಿತಿದ್ದ ಅವನ ತಾಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮೊದಲು ಪಾದಗಳು ಯಾವ ಕಡೆ ಇವೆ ಎಂದು ಖಾತ್ರಿಪಡಿಸಿಕೊಂಡು, ನಂತರ ಕುಳಿತುಕೊಳ್ಳಲು ಹೇಳಿದಳು. ಸೊಸೆಯ ಮೇಲೆ ಕೆಂಡ ಕಾರುತ್ತಾಳೆ ಎಂದುಕೊಂಡಿದ್ದೆ. ಮಗನನ್ನು ನೀರು ತರಲು ಕಳಿಸಿ ಅವಳು ನನ್ನ ಕಡೆ ಸರಿದಳು.

"ಬಾಯಾರ, ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಹಂಗ ಆಗತೈತೇನು? ಮೈ ಅದ ಇದ್ದು, ಒಳಗಿನಾಂವ ಬದಲಿ ಆಗೂದು?"

"ಇಲ್ರಿ ಅವ್ವಾರ. ಅದು ಬರೇ ಕಥಿ."

"ಇವನ್ನ ಯಡೂರಿಗೆ ಕರಕೊಂಡ ಹೋಗಿ ವೀರಭದ್ರನ ಮುಂದ ನಿಂದ್ರಿಸಿ ಬಂದ್ನಿ. ದೇವರ ಬೂದಿ, ಅಂಗಾರಾ, ಹಣಿಗೆ ಹಚ್ಚಿದ್ನಿ. ಏನೂ ಆಗಲಿಲ್ಲ, ಅಲ್ಲೂ ಸುಮ್ಮನ ನಿಂತಿದ್ದ." ಅವಳು ಕೊಟ್ಟಿಗೆಯ ಕಡೆ ನೋಡಿದಳು. "ಸಣ್ಣಾಂವ ಇದ್ದಾಗ ಭಾಳ ನಗತಿದ್ದಾ ಇಂವಾ. ಹೊಲದಾಗಿಂದ ನಾ ಬರೂದ ತಡಾ, ಓಡಿ ಬಂದು ಸೆರಗ ಹಿಡೀತಿದ್ದ. ಇವರಪ್ಪ ಸತ್ತು ಮನಿ ಕಾರಭಾರ ಕೈಗೆ ಬಂತು ನೋಡ್ರಿ, ಅವತ್ತಿನಿಂದ ನನ್ನ ಕೂಡ ನೆಟ್ಟಗ ಮಾತಾಡಿಲ್ಲ. ಸೊಸಿ ಇಂವಾ ಅಂವ ಅಲ್ಲ ಅಂದಾಗ ನನಗೂ ಎದಿ ಝಲ್ಲ ಅಂತು. ನನಗ ಯಾಕ ಇಷ್ಟ ದಿನಾ ಗೊತ್ತಾಗಲಿಲ್ಲ ಅಂತ."

ಹೆತ್ತ ತಾಯಿಯೂ ಸಾಕ್ಷಿ ಹೇಳಲು ಹಿಂಜರಿಯುತ್ತಿದ್ದಳು. ಅಷ್ಟರಲ್ಲಿ ಆರೋಪಿ ಕೈಯಲ್ಲಿ ತಂಬಿಗೆ ಹಿಡಿದು ಬಂದ. ನೀರು ಕೊಟ್ಟು, ತನ್ನ ಮನೆಯಲ್ಲೇ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ನಿಂತ. ಅವ್ವ ಅವನಿಗೆ ಜಾಗ ಮಾಡಿಕೊಟ್ಟಳು.

ಹೆಂಡತಿ ಹಿತ್ತಲಿನಲ್ಲಿ ಶೇಂಗಾ ಒಡೆಯುತ್ತಿದ್ದಳು. ನಾನು ಕಲ್ಪಿಸಿಕೊಂಡು ಬಂದದ್ದು ಕೆದರಿದ ಕೂದಲಿನ, ನೋಟ ನೆಟ್ಟ ಹೆಂಗಸನ್ನು. ಪತ್ರಿಕೆಯ ಚಿತ್ರಕಾರರನ್ನು ನಾನು ಸುಮ್ಮನೆ ಹಳಿದಿದ್ದೆ. ಅವರಿಗೂ ನನಗೂ ದೊಡ್ಡ ವ್ಯತ್ಯಾಸವಿರಲಿಲ್ಲ. ಎದುರಿಗಿದ್ದವಳು ತೆಳ್ಳಗಿನ, ಅಚ್ಚುಕಟ್ಟಾದ ಹುಡುಗಿ. ಎದ್ದು ನಿಂತು ಕೈಮುಗಿದಳು. ನನ್ನ ಮುಂದೆ ಶೇಂಗಾ ಬೆಲ್ಲ ಇಟ್ಟಳು.

"ಕಥಿ ಛಲೋ ಇತ್ರಿ," ಎಂದಳು. "ಆದ್ರ ಒಂದ ಮಾತ ತಪ್ಪೇತಿ."

"ಏನು?"

"ನಿಮ್ಮ ಕಥ್ಯಾಗ ಅಂವ ಸಂಜಿಮುಂದ ಬದಲಿ ಆಗಿ ಬರ್ತಾನ. ಅಕಿಗೆ ಲಗೂನ ಗೊತ್ತಾಗತೈತಿ. ಖರೇ ಅಂದ್ರ ಹಂಗ ಒಮ್ಮೆಲೇ ಆಗಂಗಿಲ್ರಿ."

ನಾನು ನೇರವಾಗಿ ಕೇಳಿದೆ. ಅವನು ನಿನ್ನ ಗಂಡನಲ್ಲವೆಂದು ನಿಜವಾಗಿಯೂ ನಂಬಿದ್ದೀಯಾ, ಅಥವಾ ಅವನಿಗೆ ಬುದ್ಧಿ ಕಲಿಸಲು ನಾಟಕ ಮಾಡುತ್ತಿದ್ದೀಯಾ ಎಂದು.

ಅವಳು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಲಗ್ನಕ್ಕಿಂತ ಮೊದಲ ನಮ್ಮ ತ್ವಾಟಕ್ಕ ಬಂದಿದ್ರು," ಎಂದಳು. "ದ್ರಾಕ್ಷಿ ಕೊಯ್ಲು ನಡದಿತ್ತು. ಮಂದಿ ಎಲ್ಲಾ ಆ ಕಡೆ ಇದ್ರು. ನಾ ಆಗ ಅಥಣಿ ಕಾಲೇಜಿಗೆ ಹೋಗ್ತಿದ್ನಿ. ಒಂದ ವರ್ಷ ಉಳಿದಿತ್ತು. ಅವರ ತಾವ ಆಗಿ ಕೇಳಿದ್ರು, ನಿಮಗ ಓದೂದು ಅಂದ್ರ ಭಾಳ ಸೇರತೈತೇನು ಅಂತ. ನನಗ ನೀವು ಅಂದ್ರು ನೋಡ್ರಿ. ಹೌದು ಅಂದೆ. ಹಂಗಾರ ಪರೀಕ್ಷಾ ಮುಗಸ್ರಿ, ನಾನ ಗಾಡಿ ಮ್ಯಾಲ ಕರಕೊಂಡ ಹೋಗ್ತೀನಿ ಅಂದ್ರು. ಒಂದ ಗೊಂಚಲಾ ನನ್ನ ಕೈಯಾಗ ಕೊಟ್ಟು ಆ ಮ್ಯಾಲ ತಾವು ತಗೊಂಡ್ರು. ಅಂವನ್ನ ನೋಡಿ ನಾ ಹೂಂ ಅಂದದ್ದು."

"ಆಮ್ಯಾಲ?"

"ಆಮ್ಯಾಲ ಅಂವ ಬರಲೇ ಇಲ್ರಿ. ಲಗ್ನದಾಗ ತಲಿ ಮ್ಯಾಲ ಅಕ್ಕಿಕಾಳ ಬಿದ್ದು ಈ ಮನಿಗೆ ಬಂದೆ. ಇಲ್ಲಿ ಇವರಿದ್ರು. ಓದೂದರ ಸುದ್ದಿ ತಗದ್ರ, ಯಾರ ಹೇಳಿದ್ರು ಅಂದ್ರು. ನೀವ ಹೇಳಿದ್ರಿ ಅಂದೆ. ನಾ ಎಂದ ಹೇಳಿದ್ನಿ ಅಂತ ನನ್ನ ಮಾರಿ ನೋಡಿದ್ರು. ಸುಳ್ಳ ಹೇಳಿದಂಗ ಇರಲಿಲ್ಲರಿ ಆ ಮಾರಿ. ಖರೇನ ಗೊತ್ತಿದ್ದಿಲ್ಲ ಅವರಿಗೆ. ಅವತ್ತ ನನಗ ಮೊದಲ ಅಂಜಿಕಿ ಆತು. ಹುಚ್ಚ ಹಿಡದೈತೇನೋ ನನಗ, ತ್ವಾಟದಾಗ ಯಾರೂ ಬಂದೇ ಇರಲಿಲ್ಲೇನೋ ಅಂತ ನಾಕ ವರ್ಷ ಒಬ್ಬಾಕೀನ ಅನಕೊಂಡ ಇದ್ನಿ. ನಿಮ್ಮ ಕಥಿ ಓದಿದ ಮ್ಯಾಲ, ಹುಚ್ಚ ನನಗ ಹಿಡದಿಲ್ಲ, ಮನಷ್ಯಾನ ಬದಲಿ ಆಗ್ಯಾನ ಅಂತ ಸಮಾಧಾನ ಆತ್ರಿ."

ನಾನು ಬಾಯಲ್ಲಿದ್ದ ಬೆಲ್ಲವನ್ನು ನುಂಗಲು ಮರೆತು ಕುಳಿತಿದ್ದೆ. ಮನಸ್ಸಿನ ಭಯದ ಬಗ್ಗೆ ಬರೆಯುತ್ತೇನೆ ಎಂದು ಊರಿಗೆಲ್ಲ ಭಾಷಣ ಮಾಡಿದವಳು ನಾನು. ನನ್ನ ಕಥೆಯಲ್ಲಿ ಮಚ್ಚೆ, ಚಪ್ಪಲಿ, ಇನ್ನೂ ಏನೇನೋ ಇದ್ದವು. ಅವಳು ಹೇಳಿದ, ನಿಜವಾಗಿಯೂ ಏನೂ ನೆನಪಿಲ್ಲದ ಆ ಮುಖ ಮಾತ್ರ ಇರಲಿಲ್ಲ.

"ಈಗೇನು ಮಾಡ್ತಿ?" ಎಂದೆ.

"ಪಾವಣ್ಯಾರಿಗೆ ನಾ ಏನೂ ಕಮ್ಮಿ ಮಾಡಿಲ್ರಿ. ಬೇಕಾದ್ರ ನಮ್ಮ ಅತ್ತೀನ ಕೇಳ್ರಿ. ತ್ವಾಟಕ್ಕ ಬಂದಾಂವ ಬರಲಿ, ಬಂದ ಕೂಡಲೇ ತಲಿ ಮ್ಯಾಲಿನ ಸೆರಗ ತಗೀತೀನಿ."

ಹೊರಗೆ ಬಂದಾಗ ಅವನು ಎದ್ದು ನಿಂತ, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನಂತೆ. "ಬರೀತೀರೇನ್ರಿ?" ಎಂದ.

"ಅದಕ್ಕಿಂತ ಮೊದಲ ನೀವ ಒಂದ ಮಾತು ಹೇಳ್ರಿ. ಲಗ್ನಕ್ಕಿಂತ ಮುಂಚೆ ಮಂಗಸೂಳಿ ತ್ವಾಟದಾಗ ಅಕಿ ಕೂಡ ಏನ ಮಾತಾಡಿದ್ರಿ?"

ಅವನು ಹಣೆ ಗಂಟಿಕ್ಕಿದ. ಆಕಾಶ ನೋಡಿದ. "ದ್ರಾಕ್ಷಿ ದರಾ ಕೇಳಿದ್ನೇನೋ," ಎಂದ.

ಅವ್ವ ಹಣೆ ಬಡಿದುಕೊಂಡಳು. ಅವನ ತಾಯಿ ಎದ್ದು ಒಳಗೆ ಹೋದಳು. ಅವನ ಹೆಂಡತಿ ಹೇಳಿದ್ದನ್ನು ನಾನು ಅವನಿಗೆ ಹೇಳಿದೆ. ತೋಟ, ಗೊಂಚಲು, ಗಾಡಿ, ಉಳಿದ ಒಂದು ವರ್ಷ. ಜಗಳಾಡುತ್ತಾನೆ, ಅವಳು ಸುಳ್ಳಿ ಎನ್ನುತ್ತಾನೆ ಎಂದು ಸಿದ್ಧಳಾಗಿದ್ದೆ. ಅವನು ಕಟ್ಟೆಯ ಮೇಲೆ ಕುಳಿತ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಹಂಗ ಅಂದಿರಬೇಕ್ರಿ," ಎಂದ. "ಅಕಿ ಸುಳ್ಳ ಹೇಳಾಕಿ ಅಲ್ಲ. ಆದ್ರ ನನಗ ನೆಪ್ಪಿಲ್ರಿ."

ಬಸ್ಸಿನಲ್ಲಿ ಅವ್ವ ನನಗೆ ಆಜ್ಞೆ ಮಾಡಿದಳು. "ಮುಂದಿನ ಭಾಗ ಬರದ ಕೊಡು. ಅಂವ ಅಳೋ ಹಂಗ ಆಗ್ಯಾನ." ಮುಂದುವರಿಸಿದರೆ ಕಥೆಯ ಬಿಗಿ ಹೋಗುತ್ತದೆ ಎಂದು ವಾದಿಸಿದೆ. "ಬಿಗಿ ಹೋದ್ರ ಹೋಗವಲ್ದ್ಯಾಕ, ಮನಿ ಉಳೀತೈತಿ," ಎಂದಳು. ಅವ್ವನ ವಿಮರ್ಶಾ ಪದ್ಧತಿಯೇ ಅದು.

ಬರೆದೆ. ಗಂಡ ಹೆಂಡತಿಯ ಎದುರು ಕುಳಿತು, ತನಗೆ ನೆನಪಿಲ್ಲವೆಂದು ಒಪ್ಪಿಕೊಂಡು, ಮೊದಲಿನಿಂದ ಎಲ್ಲವನ್ನೂ ಹೇಳು ಎಂದು ಕೇಳುತ್ತಾನೆ, ಅವಳು ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುತ್ತಾನೆ. ಅಷ್ಟೇ ಕಥೆ. ಸಂಪಾದಕರು ಅದನ್ನು ತಿರುಗಿ ಕಳಿಸಿದರು. ಹುಬ್ಬಳ್ಳಿಗೆ ಹೋದಾಗ ಕಾರಣ ಕೇಳಿದೆ. ಗಂಡ ಇಡೀ ಸಂಜೆ ಹೆಂಡತಿಯ ಮಾತು ಕೇಳುತ್ತ ಕೂರುವುದು ವಾಸ್ತವಕ್ಕೆ ದೂರವಾಯಿತು, ಓದುಗರು ನಂಬುವುದಿಲ್ಲ ಎಂದರು. ಕೃಷ್ಣೆ ಪಶ್ಚಿಮಕ್ಕೆ ಹರಿದದ್ದನ್ನು ಮರುಮಾತಿಲ್ಲದೆ ನಂಬಿ ಛಾಪಿಸಿದ ಅದೇ ಸಂಪಾದಕರು!

ಆ ಹಸ್ತಪ್ರತಿಯನ್ನು ನಾನು ಅವನಿಗೇ ಕೊಟ್ಟೆ. ಓದಿದನೋ ಇಲ್ಲವೋ ತಿಳಿಯದು. ಮುಂದಿನದು ನನಗೆ ತಿಳಿದದ್ದು ಅವನ ಬಾಯಿಂದಲೇ, ಅವನು ಆಗಾಗ ಚಿಕ್ಕೋಡಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಒಪ್ಪಿಸುತ್ತಿದ್ದ ವರದಿಗಳಿಂದ. ಅವನು ಮೊದಲು ತನ್ನ ಬಗ್ಗೆ ತಾನೇ ವಿಚಾರಣೆ ನಡೆಸಿದ. ಹಳೆಯ ಗೆಳೆಯರ ಬಳಿ ಹೋಗಿ, ನಾನು ಮೊದಲು ಹೇಗಿದ್ದೆ ಎಂದು ಕೇಳಿದ. ಅವರು ಇವನು ಕುಡಿದಿದ್ದಾನೆ ಎಂದುಕೊಂಡರು. ಆಮೇಲೆ ಅಥಣಿ ಕಾಲೇಜಿಗೆ ಹೋಗಿ ಉಳಿದ ವರ್ಷದ ಪರೀಕ್ಷೆಗೆ ಹೊರಗಿನಿಂದ ಕೂರಬಹುದೇ ಎಂದು ವಿಚಾರಿಸಿ ಬಂದ. ಪುಸ್ತಕ ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟ. ಅವಳು "ಪಾವಣ್ಯಾರಿಗೆ ಯಾಕ ತ್ರಾಸ," ಎಂದು ಎತ್ತಿಕೊಂಡಳಂತೆ.

ಪರೀಕ್ಷೆಯ ದಿನಗಳಲ್ಲಿ ಅವನು ಅವಳನ್ನು ಬುಲೆಟ್ ಮೇಲೆ ಅಥಣಿಗೆ ಕರೆದೊಯ್ದ. ಅವಳು ಇಬ್ಬರ ನಡುವೆ ಪುಸ್ತಕದ ಚೀಲವಿಟ್ಟುಕೊಂಡು, ಸೆರಗು ಬಿಗಿಯಾಗಿ ಹೊದ್ದು ಕುಳಿತಳು. ಅವಳು ಒಳಗೆ ಬರೆಯುವಾಗ ಅವನು ಹೊರಗೆ ಗಿಡದ ನೆರಳಿನಲ್ಲಿ ಕಾಯುತ್ತಿದ್ದ. ಪರಿಚಯದವರು ಕಂಡು, "ಏನ್ ಗೌಡ್ರ, ಹೆಂಡ್ತಿ ಪರೀಕ್ಷಾ ಬರ್ಯಾಕತ್ತಾಳಂತ, ನೀವು ಹೊಲಾ ಬಿಟ್ಟು ಇಲ್ಲಿ ನೆರಳ ಕಾಯಾಕತ್ತೀರಿ?" ಎಂದು ನಕ್ಕರು. ಊರಿನಲ್ಲಿ ಅವನ ಬಗ್ಗೆ ಮಾತು ಶುರುವಾಯಿತು. ಹೆಂಡತಿಯ ತಟ್ಟೆಗೆ ಬಿದ್ದಿದೆಯೇ ಎಂದು ನೋಡಿ ಆಮೇಲೆ ಊಟ ಮಾಡುತ್ತಾನೆ, ತಾಯಿಯ ಕಾಲು ಒತ್ತುತ್ತಾನೆ, ಆಳುಗಳಿಗೆ ಬೈಯುವುದಿಲ್ಲ. ಖಂಡಿತ ಏನೋ ಬಡಿದಿದೆ. ಹೆಂಡತಿಯನ್ನು ಹೊಡೆಯುವ ಮನೆಗಳು ಅದೇ ಊರಿನಲ್ಲಿದ್ದವು, ಅವರಿಗೆ ಏನೋ ಬಡಿದಿದೆ ಎಂದು ಯಾರೂ ಅಂಗಾರ ತರಲಿಲ್ಲ.

ಅವಳು ಪಾಸಾದಳು. ಪೇಢೆಯ ಪೊಟ್ಟಣ ಹಿಡಿದು ಅವನು ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯಿನಿಯವರೇ ಮೊದಲು ಕೇಳಿದರು. "ಸೆರಗ ತಗದ್ಳೇನು?"

"ತಗದಾಳ್ರಿ," ಎಂದ ಅವನು ನಾಚಿಕೆಯಿಂದ. "ಆದ್ರ ಗಂಡಾ ಅಂತ ಇನ್ನೂ ಅಂದಿಲ್ಲ."

ಆಮೇಲೆ ಕೆಲವು ವರ್ಷ ಅವರ ಸುದ್ದಿ ಇರಲಿಲ್ಲ. ಅವ್ವ ತೀರಿಕೊಂಡಳು. ನನ್ನ ಕಥೆಗಳು ಹೆಚ್ಚಾಗಿ ಬರುತ್ತಿರಲಿಲ್ಲ. ಟೀವಿಯಲ್ಲಿ ಹೆದರಿಸುವವರು ಬಂದ ಮೇಲೆ ಓದಿ ಹೆದರುವ ಕಷ್ಟ ಯಾರಿಗೂ ಬೇಡವಾಗಿತ್ತು. ತೊಂಬತ್ತರ ದಶಕದ ನಡುವೆ ಒಮ್ಮೆ ಪರೀಕ್ಷಾ ಕೆಲಸದ ಮೇಲೆ ಕಾಗವಾಡಕ್ಕೆ ಹೋಗಿದ್ದೆ. ಮರಳುವಾಗ ಬಸ್ ನಿಲ್ದಾಣದಲ್ಲಿ ಅವರಿಬ್ಬರೂ ಕಂಡರು. ಮಂಗಸೂಳಿಯಿಂದ ಬರುತ್ತಿದ್ದರು, ಕೈಯಲ್ಲಿ ದ್ರಾಕ್ಷಿಯ ಬುಟ್ಟಿ, ಜೊತೆಗೆ ಎರಡು ಜಡೆಯ ಪುಟ್ಟ ಮಗಳು. ಅವಳು ಈಗ ಹತ್ತಿರದ ಊರೊಂದರ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳೂ ಬಾಯಾರು.

"ಹೆಂಗದಾರ ನಿಮ್ಮ ಮನ್ಯಾವ್ರು?" ಎಂದು ಕೇಳಿದೆ ನಗುತ್ತ.

"ತ್ವಾಟಕ್ಕ ಬಂದಾಂವ ಅಂತೂ ಬರಲೇ ಇಲ್ರಿ," ಎಂದಳು ಅವಳೂ ನಗುತ್ತ. "ಇಂವಾ ಅವನಕಿಂತ ಛಲೋ ಅದಾನ. ಅದಕ್ಕ ಇಟಗೊಂಡೀನಿ." ಮಗಳಿಗೆ ನೀರು ಕುಡಿಸಲು ನಳದ ಕಡೆ ಹೋದಳು.

ಅವನು ನನ್ನ ಪಕ್ಕ ನಿಂತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವನೂ ನಗುತ್ತಾನೆ ಎಂದುಕೊಂಡೆ.

"ಬಾಯಾರ," ಎಂದ ಮೆಲ್ಲಗೆ, "ಅಕಿ ಚ್ಯಾಷ್ಟಿಗೆ ಅಂತಾಳ, ನನಗ ಗೊತ್ತೈತಿ. ಆದ್ರ ನನಗ ಒಮ್ಮೊಮ್ಮೆ ಖರೇನ ಹಂಗ ಅನಸತೈತ್ರಿ. ಅಕಿ ತ್ವಾಟದ ಸುದ್ದಿ ಭಾಳ ಸಲ ಹೇಳ್ಯಾಳ. ಈಗ ನನಗ ಎಲ್ಲಾ ಕಣ್ಣಿಗೆ ಕಟ್ಟಿದಂಗ ಕಾಣತೈತಿ, ಗೊಂಚಲಾ, ಅಕಿ ಸೀರಿ ಬಣ್ಣ, ಎಲ್ಲಾ. ಆದ್ರ ಅದು ನನಗ ನೆಪ್ಪಾಗಿ ಕಾಣತೈತೋ, ಅಕಿ ಹೇಳಿದ್ದಕ್ಕ ಕಾಣತೈತೋ, ಗೊತ್ತಾಗವಲ್ದು. ಅವ್ವಗ ಬೈತಿದ್ದಾಂವ, ಅಕಿ ಓದೂದು ಬಿಡಿಸಿದಾಂವ, ಅಂವನೂ ನನಗ ನೆಪ್ಪಾಗವಲ್ಲ. ಮಂದಿ ಹೇಳ್ತಾರ, ನೀ ಹಂಗಿದ್ದಿ ಅಂತ. ಹೂಂ ಅಂತೀನಿ. ಇವೆಲ್ಲಾ ಬ್ಯಾರೆ ಮಂದಿದು ಅನಸತೈತಿ. ನೀವು ಓದಿದಾರು, ಹೇಳ್ರಿ. ನಾ ಇದರಾಗ ಯಾಂವ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಬಿಸಿಲು ಚುರುಚುರು ಎನ್ನುತ್ತಿತ್ತು, ಸುತ್ತ ಮಿರಜಿಗೆ ಹೋಗುವವರ ಗದ್ದಲ, ಕಂಡಕ್ಟರನ ಕೂಗು. ಇಷ್ಟು ವರ್ಷ ಭಯದ ಕಥೆ ಬರೆದ ನನ್ನ ಮೈ ಆ ನಡುಮಧ್ಯಾಹ್ನ ತಣ್ಣಗಾಯಿತು.

"ನಿಮ್ಮ ಹೆಂಡ್ತಿಗೆ ಇದನ್ನ ಹೇಳೀರೇನು?" ಎಂದೆ.

"ಇಲ್ರಿ. ಅಂಜತಾಳ."

"ಅಂಜಂಗಿಲ್ಲ. ಈ ಅಂಜಿಕಿ ನಿಮಗಿಂತ ಮೊದಲ ಅಕಿಗೆ ಗೊತ್ತೈತಿ. ನಾಕ ವರ್ಷ ಒಬ್ಬಾಕೀನ ಇಟಗೊಂಡಿದ್ಳು. ಹೋಗಿ ಹೇಳ್ರಿ."

ಅವನು ನಳದ ಕಡೆ ನೋಡಿದ. ಅವಳು ಮಗಳ ಮುಖ ಒರೆಸುತ್ತಿದ್ದಳು. ಅಷ್ಟರಲ್ಲಿ ಅಥಣಿಯ ಬಸ್ಸು ಬಂತು. ಅವಳು ಓಡಿ ಬಂದು ನನ್ನ ಕೈಗೆ ಎರಡು ಗೊಂಚಲು ದ್ರಾಕ್ಷಿ ಕೊಟ್ಟು, "ಬರೀಬೇಕ್ರಿ ನೀವು, ಬಿಡಬಾರದು," ಎಂದು ಹತ್ತಿಕೊಂಡಳು. ಗದ್ದಲದಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತದ್ದು ಕಿಟಕಿಯಿಂದ ಕಾಣಿಸಿತು. ಬಸ್ಸು ಹೊರಡುವ ಮೊದಲು ಅವನು ಅವಳ ಕಡೆ ಬಾಗಿ ಏನನ್ನೋ ಹೇಳತೊಡಗಿದ. ಅವಳು ನಗುತ್ತಲೇ ಕೇಳುತ್ತಿದ್ದಳು. ನಂತರ ನಗು ನಿಂತು, ಅವನ ಮುಖವನ್ನೇ ನೋಡುತ್ತ ಅವನ ತೋಳು ಹಿಡಿದುಕೊಂಡಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಚಿಕ್ಕೋಡಿಯ ಬಸ್ಸಿಗೆ ಇನ್ನೂ ಸಮಯವಿತ್ತು. ನಾನು ನಳದ ಹತ್ತಿರ ಹೋಗಿ ದ್ರಾಕ್ಷಿ ತೊಳೆದುಕೊಂಡು, ನೆರಳು ಹುಡುಕಿ ಕುಳಿತು ತಿಂದೆ. ಸ್ವಲ್ಪ ಹುಳಿಯಾಗಿದ್ದವು.